ಮಿದುಳಿನಲ್ಲಿ ನೀರು ಓಡಾಡುವ ಬಾಗಿಲುಗಳು: ಅಕ್ವಾಪೊರಿನ್ ಮತ್ತು ನರರೋಗಗಳು

ಮಿದುಳಿನ ಕಾಯಿಲೆ ಅಂದಕೂಡಲೇ ನಾವೆಲ್ಲ ನರಕೋಶಗಳ ಬಗ್ಗೆಯೇ ಯೋಚಿಸುತ್ತೇವೆ. ನರ ಸತ್ತಿತು, ನರಕ್ಕೆ ರಕ್ತ ಹೋಗಲಿಲ್ಲ, ನರದ ಮೇಲಿನ ಪೊರೆ ಹಾಳಾಯಿತು, ಹೀಗೆ. ನೀರಿನ ಮಾತನ್ನು ಯಾರೂ ಎತ್ತುವುದಿಲ್ಲ. ಆದರೆ ಮಿದುಳಿನ ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಇರುವುದು ನೀರೇ, ಮತ್ತು ಆ ನೀರು ನಿಂತ ನೀರಲ್ಲ. ರಕ್ತನಾಳದಿಂದ ಮಿದುಳಿಗೆ, ಕೋಶದ ಹೊರಗಿನಿಂದ ಒಳಗೆ, ಮತ್ತೆ ಹೊರಗೆ, ಹೀಗೆ ಸದಾ ಓಡಾಡುತ್ತಲೇ ಇರುತ್ತದೆ.

ಈ ಓಡಾಟಕ್ಕೆ ಕೋಶಗಳ ಪೊರೆಯಲ್ಲಿ ಬಾಗಿಲುಗಳಿವೆ. ಅವೇ ಅಕ್ವಾಪೊರಿನ್ ಎಂಬ ಪ್ರೋಟೀನ್‌ಗಳು. ಇದೊಂದು ದೊಡ್ಡ ಕುಟುಂಬ. ಮನುಷ್ಯರಲ್ಲಿ 13 ಬಗೆಯವು ಸಿಕ್ಕಿವೆ, ಅವಕ್ಕೆ 0ಯಿಂದ 12ರವರೆಗೆ ನಂಬರ್ ಕೊಟ್ಟಿದ್ದಾರೆ. ಮಿದುಳು ಮತ್ತು ಬೆನ್ನುಹುರಿಯ ಮಟ್ಟಿಗೆ ಮುಖ್ಯವಾದದ್ದು ನಾಲ್ಕನೇ ನಂಬರಿನದು, ಅಂದರೆ ಅಕ್ವಾಪೊರಿನ್-4. ಒಂದು ವಿಷಯವನ್ನು ಈಗಲೇ ಗಟ್ಟಿಯಾಗಿ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ: ಈ ಬಾಗಿಲು ನೀರನ್ನು ತಳ್ಳುವುದಿಲ್ಲ, ಎಳೆಯುವುದೂ ಇಲ್ಲ. ಉಪ್ಪಿನಂಶ ಯಾವ ಕಡೆ ಜಾಸ್ತಿ ಇದೆಯೋ, ಒತ್ತಡ ಯಾವ ಕಡೆ ಕಮ್ಮಿ ಇದೆಯೋ ಆ ಕಡೆಗೆ ನೀರು ಹೋಗುತ್ತದೆ. ಬಾಗಿಲು ದಾರಿ ಕೊಡುತ್ತದೆ, ಅಷ್ಟೆ. ಹಾಗಾಗಿ ಇದೇ ಪ್ರೋಟೀನ್ ಒಂದು ಕಾಯಿಲೆಯಲ್ಲಿ ಮಿದುಳನ್ನು ಊದಿಸುತ್ತದೆ, ಇನ್ನೊಂದರಲ್ಲಿ ಅದೇ ಊತವನ್ನು ಇಳಿಸುತ್ತದೆ. "ಇದು ಒಳ್ಳೇ ಪ್ರೋಟೀನಾ, ಕೆಟ್ಟದ್ದಾ?" ಎಂದು ಕೇಳಿದರೆ ಉತ್ತರವೇ ಇಲ್ಲ. ಎಲ್ಲಿ, ಯಾವಾಗ ಎಂದು ಕೇಳಬೇಕು.

ಇದು ಸಿಕ್ಕಿದ್ದು ಬೇರೇನನ್ನೋ ಹುಡುಕುವಾಗ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಆಗ್ರೆ ಎಂಬ ವೈದ್ಯ-ವಿಜ್ಞಾನಿ ಕೆಂಪು ರಕ್ತಕಣಗಳ ಮೇಲಿರುವ ಆರ್‌ಎಚ್ ಪ್ರೋಟೀನ್‌ಗಳನ್ನು ಶುದ್ಧಮಾಡುತ್ತಿದ್ದರು, ರಕ್ತದ ಗುಂಪಿಗೆ ಪಾಸಿಟಿವ್, ನೆಗೆಟಿವ್ ಎನ್ನುತ್ತೇವಲ್ಲ, ಅದರ ಪ್ರೋಟೀನ್. ಅದರ ಜೊತೆಗೆ ಇನ್ನೊಂದು ಚಿಕ್ಕ ಪ್ರೋಟೀನ್ ಪ್ರತಿ ಸಲವೂ ಬರುತ್ತಿತ್ತು. ಮೊದಲು ಕಲಬೆರಕೆ ಅಂದುಕೊಂಡರು. ನೋಡಿದರೆ ಅದು ರಕ್ತಕಣದಲ್ಲಿ ಹೇರಳವಾಗಿದೆ, ಮೂತ್ರಪಿಂಡದಲ್ಲೂ ಇದೆ. ಎರಡೂ ನೀರನ್ನು ಸರಾಗವಾಗಿ ಬಿಡುವ ಜಾಗಗಳು. ಜಾನ್ ಪಾರ್ಕರ್ ಎಂಬ ಹಿರಿಯ ಸ್ನೇಹಿತರು, ಇದು ಎಲ್ಲರೂ ಬಹಳ ದಿನದಿಂದ ಹುಡುಕುತ್ತಿರುವ ನೀರಿನ ದಾರಿ ಆಗಿರಬಹುದು ನೋಡು ಎಂದು ಸುಳಿವು ಕೊಟ್ಟರು.

ಅದನ್ನು ಪರೀಕ್ಷಿಸಿದ ರೀತಿ ನನಗೆ ತುಂಬಾ ಇಷ್ಟ. ಕಪ್ಪೆಯ ಮೊಟ್ಟೆ ಸಿಹಿನೀರಿನಲ್ಲೇ ಬಿದ್ದಿದ್ದರೂ ಊದಿಕೊಳ್ಳುವುದಿಲ್ಲ, ಏಕೆಂದರೆ ಅದರ ಪೊರೆ ನೀರನ್ನು ಅಷ್ಟಾಗಿ ಒಳಗೆ ಬಿಡುವುದಿಲ್ಲ. ಆಗ್ರೆಯವರ ತಂಡ ಅಂಥ ಮೊಟ್ಟೆಕೋಶಗಳಿಗೆ ಈ ಪ್ರೋಟೀನ್ ತಯಾರಿಸುವ ಆರ್‌ಎನ್‌ಎಯನ್ನು ಚುಚ್ಚಿತು, ಕೆಲವು ದಿನ ಬಿಟ್ಟು ಉಪ್ಪಿನಂಶ ಕಡಿಮೆ ಇರುವ ದ್ರವದಲ್ಲಿ ಹಾಕಿತು. ಏನೂ ಚುಚ್ಚದ ಮೊಟ್ಟೆಗಳು ಇದ್ದ ಹಾಗೇ ಇದ್ದವು. ಚುಚ್ಚಿದ ಮೊಟ್ಟೆಗಳು ಕಣ್ಣೆದುರೇ ಊದಿಕೊಂಡು ಕೆಲವೇ ನಿಮಿಷಗಳಲ್ಲಿ ಒಡೆದುಹೋದವು. 1992ರಲ್ಲಿ ಇದು ಪ್ರಕಟವಾಯಿತು, 2003ರಲ್ಲಿ ಆಗ್ರೆ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಅಯಾನು ದಾರಿಗಳ ರಚನೆ ಬಿಡಿಸಿದ ರೊಡರಿಕ್ ಮ್ಯಾಕಿನ್ನನ್ ಅವರ ಜೊತೆ ಹಂಚಿಕೊಂಡ ಬಹುಮಾನ ಅದು.

ರಕ್ತಕಣದಲ್ಲಿ ಸಿಕ್ಕ ಆ ಮೊದಲನೆಯದನ್ನು ಈಗ ಅಕ್ವಾಪೊರಿನ್-1 ಎನ್ನುತ್ತೇವೆ. ಅದರ ಒಂದೇ ಒಂದು ದಾರಿಯಲ್ಲಿ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಅಣುಗಳು ದಾಟುತ್ತವೆ. ದಾರಿ ಎಷ್ಟು ಕಿರಿದು ಎಂದರೆ ಅಣುಗಳು ಒಂದರ ಹಿಂದೆ ಒಂದು ಸಾಲಾಗಿ ಹೋಗಬೇಕು. ಇಷ್ಟು ವೇಗದಲ್ಲಿ ನೀರು ಹೋಗುತ್ತಿದ್ದರೂ ಅದರ ಜೊತೆಯಲ್ಲಿ ಒಂದು ಪ್ರೋಟಾನ್ ಕೂಡ ನುಸುಳುವ ಹಾಗಿಲ್ಲ. ನುಸುಳಿದರೆ ಕೋಶದ ಒಳಗಿನ ಆಮ್ಲೀಯತೆ, ವಿದ್ಯುತ್ ಸಮತೋಲನ ಎಲ್ಲ ಏರುಪೇರಾಗುತ್ತದೆ.

ಈಗ ಮಿದುಳಿಗೆ ಬರೋಣ. ಮಿದುಳು-ಬೆನ್ನುಹುರಿಯ ಸುತ್ತ ತುಂಬಿರುವ ದ್ರವಕ್ಕೆ ಸಿಎಸ್ಎಫ್ ಎನ್ನುತ್ತಾರೆ. ಅದನ್ನು ಒಸರುವ ಅಂಗಾಂಶದಲ್ಲಿ ಅಕ್ವಾಪೊರಿನ್-1 ಇದೆ. ದೊಡ್ಡವರಲ್ಲಿ ದಿನಕ್ಕೆ ಸುಮಾರು 500 ಮಿಲಿಲೀಟರ್ ಸಿಎಸ್ಎಫ್ ತಯಾರಾಗುತ್ತದೆ, ಒಂದು ಹೊತ್ತಿಗೆ ಒಳಗಿರುವುದು ಮಾತ್ರ 150 ಮಿಲಿಲೀಟರ್ ಆಸುಪಾಸು. ಅಂದರೆ ದಿನಕ್ಕೆ ಮೂರು ನಾಲ್ಕು ಸಲ ಪೂರ್ತಿ ಬದಲಾಗುತ್ತದೆ.

ಅಕ್ವಾಪೊರಿನ್-4 ಇರುವುದು ಆಸ್ಟ್ರೋಸೈಟ್ ಎಂಬ ಕೋಶಗಳಲ್ಲಿ. ನರಕೋಶಗಳಿಗೆ ಊಟ ಒದಗಿಸುವುದು, ಸುತ್ತಲಿನ ಉಪ್ಪು-ನೀರಿನ ಹದ ಕಾಯುವುದು ಇವುಗಳ ಕೆಲಸ. ಒಂದೊಂದು ಆಸ್ಟ್ರೋಸೈಟಿನಿಂದಲೂ ಉದ್ದುದ್ದ ಕಾಲುಗಳು ಹೊರಟಿರುತ್ತವೆ. ಆ ಕಾಲುಗಳ ತುದಿಗಳು ಅಕ್ಕಪಕ್ಕದಲ್ಲಿ ಜೋಡಿಸಿಕೊಂಡು ರಕ್ತನಾಳವನ್ನು ಬಹುತೇಕ ಪೂರ್ತಿ ಮುಚ್ಚಿಬಿಟ್ಟಿರುತ್ತವೆ. ಅಕ್ವಾಪೊರಿನ್-4 ಕಿಕ್ಕಿರಿದು ತುಂಬಿರುವುದು ಅಲ್ಲೇ, ರಕ್ತನಾಳದ ಕಡೆಗೆ ಮುಖ ಮಾಡಿರುವ ಆ ಪಾದದಲ್ಲಿ. ಕೋಶದ ಉಳಿದ ಭಾಗದಲ್ಲಿ ಅಷ್ಟಿಲ್ಲ. ನಾಲ್ಕು ನಾಲ್ಕು ಅಣುಗಳು ಸೇರಿ ಒಂದು ಗುಂಪು, ಅಂಥ ಗುಂಪುಗಳು ಸೇರಿ ಒಂದಕ್ಕೊಂದು ಅಂಟಿಕೊಂಡ ಚೌಕಳಿ ಹಾಸು. ಈ ಹಾಸನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಇವನ್ನು ಆ ಜಾಗದಲ್ಲೇ ಹಿಡಿದಿಡಲು ಬೇರೆ ಪ್ರೋಟೀನ್‌ಗಳಿವೆ. ಅವು ಕೈಬಿಟ್ಟರೆ ಅಕ್ವಾಪೊರಿನ್ ಇರಬೇಕಾದ ಕಡೆ ಇರದೆ ಚದುರಿಹೋಗುತ್ತದೆ.

ಮೊದಲು ಊತದ ವಿಷಯ. ಕೈಗೆ ಪೆಟ್ಟು ಬಿದ್ದರೆ ಊದಿಕೊಳ್ಳುತ್ತದೆ, ನಾಲ್ಕು ದಿನದಲ್ಲಿ ಇಳಿಯುತ್ತದೆ. ಮಿದುಳಿಗೆ ಆ ಅವಕಾಶ ಇಲ್ಲ, ಸುತ್ತಲೂ ಗಟ್ಟಿ ಮೂಳೆ. ಒಳಗೆ ನೀರು ಸೇರಿದರೆ ಒತ್ತಡ ಏರುತ್ತದೆ, ಒತ್ತಡ ಏರಿದರೆ ರಕ್ತ ಒಳಗೆ ಬರುವುದು ಕಷ್ಟವಾಗುತ್ತದೆ, ರಕ್ತ ಕಮ್ಮಿಯಾದರೆ ಇನ್ನಷ್ಟು ಕೋಶಗಳು ಊದುತ್ತವೆ. ದೊಡ್ಡ ಸ್ಟ್ರೋಕ್ ಆದವರು ಮೊದಲ ಕೆಲವು ದಿನಗಳಲ್ಲಿ ತೀರಿಕೊಳ್ಳುವುದಕ್ಕೆ ಈ ಊತವೇ ಒಂದು ದೊಡ್ಡ ಕಾರಣ.

ಊತದಲ್ಲಿ ಎರಡು ಬಗೆ ಇದೆ. ಸ್ಟ್ರೋಕ್‌ನಲ್ಲಿ ರಕ್ತ ನಿಂತ ಕೆಲವೇ ನಿಮಿಷಗಳಲ್ಲಿ ಕೋಶಗಳಿಗೆ ಶಕ್ತಿ ಸಾಲದೆ ಹೋಗುತ್ತದೆ. ಸೋಡಿಯಂ ಅನ್ನು ಹೊರಹಾಕುವ ಪಂಪು ನಿಲ್ಲುತ್ತದೆ, ಸೋಡಿಯಂ ಒಳಗೇ ಉಳಿಯುತ್ತದೆ, ಅದರ ಹಿಂದೆಯೇ ನೀರು ಅಕ್ವಾಪೊರಿನ್-4ರ ಮೂಲಕ ಆಸ್ಟ್ರೋಸೈಟ್‌ಗಳ ಒಳಗೆ ನುಗ್ಗುತ್ತದೆ. ಇಲ್ಲಿ ರಕ್ತನಾಳ ಇನ್ನೂ ಗಟ್ಟಿಯಾಗೇ ಇರುತ್ತದೆ, ಊದುವುದು ಕೋಶಗಳು. ಎರಡನೇ ಬಗೆಯಲ್ಲಿ ರಕ್ತನಾಳದ ಗೋಡೆಯೇ ಸೋರುತ್ತದೆ. ಗೆಡ್ಡೆಯ ಸುತ್ತ, ಕೀವುಗಡ್ಡೆಯ ಸುತ್ತ ಆಗುವುದು ಇದು. ನೀರು ಕೋಶಗಳ ಹೊರಗಿನ ಸಂದಿಗಳಲ್ಲಿ ತುಂಬಿಕೊಳ್ಳುತ್ತದೆ, ಅದು ಖಾಲಿಯಾಗಬೇಕಾದರೆ ಮತ್ತೆ ರಕ್ತಕ್ಕೋ ಸಿಎಸ್ಎಫ್‌ಗೋ ಹೋಗಬೇಕು.

2000ದಲ್ಲಿ ಅಕ್ವಾಪೊರಿನ್-4 ಇಲ್ಲದ ಇಲಿಗಳ ಮೇಲೆ ಪ್ರಯೋಗ ನಡೆಯಿತು. ಅವುಗಳಿಗೆ ಸ್ಟ್ರೋಕ್ ಬರಿಸಿದಾಗ ಮಾಮೂಲಿ ಇಲಿಗಳಿಗಿಂತ ಮಿದುಳು ಕಡಿಮೆ ಊದಿತು, ಚೇತರಿಕೆಯೂ ಚೆನ್ನಾಗಿತ್ತು. ಹಾಗಾದರೆ ಇದನ್ನು ಮುಚ್ಚುವ ಔಷಧಿ ಹುಡುಕಿದರೆ ಸಾಕು ಅನ್ನಿಸುತ್ತದೆ, ಅಲ್ವಾ? ನಾಲ್ಕು ವರ್ಷ ಬಿಟ್ಟು ಅಂಥದೇ ಇಲಿಗಳಲ್ಲಿ ಎರಡನೇ ಬಗೆಯ ಊತವನ್ನು ನೋಡಿದರು. ಮಿದುಳಿಗೆ ನೇರ ದ್ರವ ಹರಿಸಿದಾಗ, ಗೆಡ್ಡೆ ಬೆಳೆಸಿದಾಗ, ಅಕ್ವಾಪೊರಿನ್ ಇಲ್ಲದ ಇಲಿಗಳ ತಲೆಯೊಳಗಿನ ಒತ್ತಡವೇ ಜಾಸ್ತಿ ಏರಿತು, ಅವುಗಳ ಸ್ಥಿತಿಯೇ ಕೆಟ್ಟಿತು. ನೀರು ಹೊರಗೆ ಹೋಗಲು ದಾರಿಯೇ ಇರಲಿಲ್ಲ.

ಕಷ್ಟ ಇರುವುದು ಇಲ್ಲೇ. ಒಬ್ಬರೇ ರೋಗಿಯಲ್ಲಿ ಸ್ಟ್ರೋಕ್ ಆದ ಮೊದಲ ತಾಸುಗಳಲ್ಲಿ ಒಂದನೇ ಬಗೆಯ ಊತ ಇರುತ್ತದೆ, ಒಂದೆರಡು ದಿನ ಕಳೆಯುವಷ್ಟರಲ್ಲಿ ರಕ್ತನಾಳಗಳು ಸೋರಲು ಶುರುವಾಗಿ ಎರಡನೆಯದೂ ಸೇರಿಕೊಳ್ಳುತ್ತದೆ. ಬೆಳಿಗ್ಗೆ ಉಪಕಾರ ಮಾಡುವ ಔಷಧಿ ಮೂರನೇ ದಿನ ಅಪಕಾರ ಮಾಡಬಹುದು. ಹಾಗಾಗಿ ಇವತ್ತಿಗೂ ಮಿದುಳಿನ ಊತಕ್ಕೆ ಕೊಡುವುದು ಮ್ಯಾನಿಟಾಲ್, ಗಟ್ಟಿ ಉಪ್ಪಿನ ಸಲೈನ್. ತೀರಾ ಆಗದಿದ್ದರೆ ತಲೆಬುರುಡೆಯ ಒಂದು ಭಾಗವನ್ನೇ ತೆಗೆದಿಟ್ಟು ಮಿದುಳಿಗೆ ಜಾಗ ಮಾಡಿಕೊಡುವ ಆಪರೇಷನ್. ಇವೆಲ್ಲ ಅಕ್ವಾಪೊರಿನ್ ಪತ್ತೆಯಾಗುವುದಕ್ಕೂ ಮುಂಚಿನವು. ಇಷ್ಟು ತಿಳಿದಮೇಲೂ ಅದು ರೋಗಿಯ ಕೈಗೆ ಔಷಧಿಯಾಗಿ ಬಂದಿಲ್ಲ ಎನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಔಷಧಿ ಹುಡುಕುವುದೂ ಸುಲಭವಲ್ಲ. ದಾರಿ ಒಂದು ನೀರಿನ ಅಣುವಿನಷ್ಟೇ ಅಗಲ, ಅದರೊಳಗೆ ಹೋಗಿ ಕೂರುವಂಥ ಔಷಧಿಯ ಅಣು ಎಲ್ಲಿಂದ ತರುವುದು? ಪಾದರಸದ ಸಂಯುಕ್ತಗಳು ಅಕ್ವಾಪೊರಿನ್-1 ಅನ್ನು ಮುಚ್ಚುತ್ತವೆ, ಆದರೆ ಅವು ವಿಷ. ಅಕ್ವಾಪೊರಿನ್-4 ಆ ಪಾದರಸಕ್ಕೂ ಜಗ್ಗಲಿಲ್ಲ. 1994ರಲ್ಲಿ ಅದು ಸಿಕ್ಕಾಗ ಒಂದು ತಂಡ ಅದಕ್ಕೆ ಪಾದರಸಕ್ಕೆ ಜಗ್ಗದ ನೀರಿನ ದಾರಿ ಎಂಬ ಅರ್ಥದ ಹೆಸರನ್ನೇ ಇಟ್ಟಿತ್ತು.

ಬೆನ್ನುಹುರಿಗೆ ಪೆಟ್ಟಾದಾಗಲೂ ಇದೇ ಗೋಜಲು. ಹುರಿಯನ್ನು ಒತ್ತಿ ಗಾಯ ಮಾಡಿದ ಪ್ರಯೋಗದಲ್ಲಿ ಅಕ್ವಾಪೊರಿನ್-4 ಇಲ್ಲದ ಇಲಿಗಳು ಚೆನ್ನಾಗಿ ಚೇತರಿಸಿಕೊಂಡವು. ಹುರಿಗೆ ಗುದ್ದಿ ಜಜ್ಜುಗಾಯ ಮಾಡಿದ ಇನ್ನೊಂದು ಪ್ರಯೋಗದಲ್ಲಿ ಅವೇ ಹಿಂದೆ ಬಿದ್ದವು. ಮೊದಲ ಪ್ರಯೋಗದ ಫಲಿತಾಂಶ ಮಾತ್ರ ಓದಿಕೊಂಡು ಸುದ್ದಿ ಬರೆದರೆ ಎಷ್ಟು ತಪ್ಪಾಗುತ್ತದೆ ನೋಡಿ.

2020ರಲ್ಲಿ ಒಂದು ಬೇರೆ ಯೋಚನೆ ಬಂತು. ಪೆಟ್ಟು ಬಿದ್ದು ಆಮ್ಲಜನಕ ಕಮ್ಮಿಯಾದಾಗ ಆಸ್ಟ್ರೋಸೈಟ್‌ಗಳು ತಮ್ಮ ಒಳಗೆ ದಾಸ್ತಾನಿದ್ದ ಅಕ್ವಾಪೊರಿನ್-4 ಅನ್ನು ಪೊರೆಗೆ ಸಾಗಿಸುತ್ತವೆ, ಅಂದರೆ ಗಾಯದ ಹೊತ್ತಿನಲ್ಲಿ ಬಾಗಿಲುಗಳ ಸಂಖ್ಯೆಯೇ ಹೆಚ್ಚುತ್ತದೆ. ದಾರಿಯನ್ನು ಮುಚ್ಚಲು ಆಗದಿದ್ದರೆ ಬೇಡ, ಈ ಸಾಗಾಟವನ್ನು ತಡೆದರೆ ಹೇಗೆ? ಸಾಗಾಟಕ್ಕೆ ಕ್ಯಾಲ್ಮಾಡ್ಯುಲಿನ್ ಎಂಬ ಪ್ರೋಟೀನಿನ ನೆರವು ಬೇಕು, ಅದನ್ನು ತಡೆಯುವ ಟ್ರೈಫ್ಲುಪೆರಜಿನ್ ಮನೋರೋಗಕ್ಕೆ ಕೊಡುವ ಹಳೇ ಔಷಧಿ. ಬೆನ್ನುಹುರಿಗೆ ಗಾಯವಾದ ಹೆಗ್ಗಣಗಳಿಗೆ ಇದನ್ನು ಕೊಟ್ಟಾಗ ಊತ ಕಡಿಮೆಯಾಗಿ ಅವು ಬೇಗ ಚೇತರಿಸಿಕೊಂಡವು. ಇದು ಪ್ರಾಣಿಗಳಲ್ಲಿ ಬಂದ ಫಲಿತಾಂಶ, ಇದನ್ನು ಓದಿ ಯಾರೂ ಆ ಮಾತ್ರೆ ಹುಡುಕಿಕೊಂಡು ಹೋಗಬೇಡಿ. ಆದರೆ ಒಂದು ನಿರ್ದಿಷ್ಟ ಹೊತ್ತಿನಲ್ಲಿ ಮಾತ್ರ ಕೈಹಾಕುವ ಈ ಯೋಚನೆ ನನಗೆ ಸರಿಯಾದ ದಿಕ್ಕು ಅನ್ನಿಸುತ್ತದೆ.

ಅಕ್ವಾಪೊರಿನ್-4ರ ಹೆಸರು ಇತ್ತೀಚೆಗೆ ಜಾಸ್ತಿ ಕೇಳಿಬರುವುದು ನಿದ್ದೆ ಮತ್ತು ಮರೆವಿನ ಕಾಯಿಲೆಯ ಚರ್ಚೆಯಲ್ಲಿ. 2012ರಲ್ಲಿ ಜೆಫ್ರಿ ಇಲಿಫ್, ಮೇಕೆನ್ ನೆಡರ್‌ಗಾರ್ಡ್ ಮತ್ತು ಜೊತೆಗಾರರು ಹೇಳಿದ್ದು ಇದು: ಸಿಎಸ್ಎಫ್ ರಕ್ತನಾಳಗಳ ಹೊರಬದಿಯ ಸಂದಿಯಲ್ಲಿ ಇಳಿದು, ಆಸ್ಟ್ರೋಸೈಟ್ ಪಾದಗಳನ್ನು ದಾಟಿ ಮಿದುಳಿನ ಒಳಕ್ಕೆ ಬಂದು, ಅಲ್ಲಿನ ಕಸವನ್ನು ತೊಳೆದುಕೊಂಡು ಹೋಗುತ್ತದೆ. ಅಲ್ಜೈಮರ್ ಕಾಯಿಲೆಯಲ್ಲಿ ಗಂಟುಕಟ್ಟುವ ಅಮಿಲಾಯ್ಡ್ ಬೀಟಾ ಕೂಡ ಆ ಕಸದಲ್ಲಿದೆ. ಅಕ್ವಾಪೊರಿನ್-4 ಇಲ್ಲದ ಇಲಿಗಳಲ್ಲಿ ಈ ತೊಳೆಯುವ ಕೆಲಸ ನಿಧಾನವಾಯಿತು. ಮರುವರ್ಷ ನೆಡರ್‌ಗಾರ್ಡ್ ಅವರ ತಂಡ ನಿದ್ದೆಯಲ್ಲಿ ಇದು ಚುರುಕಾಗುತ್ತದೆ ಎಂದೂ ಹೇಳಿತು. ಸತ್ತಮೇಲೆ ದಾನವಾಗಿ ಬಂದ ಮಿದುಳುಗಳನ್ನು ನೋಡಿದಾಗ ಅಲ್ಜೈಮರ್ ಇದ್ದವರಲ್ಲಿ ಅಕ್ವಾಪೊರಿನ್-4 ರಕ್ತನಾಳದ ಪಕ್ಕದಿಂದ ಚದುರಿದ್ದು ಕಂಡಿತು.

ಇದು ಜನಪ್ರಿಯವಾದಷ್ಟು ಗಟ್ಟಿಯಾಗಿಲ್ಲ. 2017ರಲ್ಲಿ ಇನ್ನೊಂದು ತಂಡ ತಮಗೆ ಅಕ್ವಾಪೊರಿನ್‌ನಿಂದ ಯಾವ ವ್ಯತ್ಯಾಸವೂ ಕಾಣಲಿಲ್ಲ ಎಂದಿತು. ಮರುವರ್ಷ ಹಲವು ಲ್ಯಾಬ್‌ಗಳು ಸೇರಿ ವ್ಯತ್ಯಾಸ ಇದೆ ಎಂದವು. 2024ರಲ್ಲಿ ಲಂಡನ್ನಿನ ಒಂದು ತಂಡ ಇಲಿಗಳಲ್ಲಿ ನಿದ್ದೆಯ ಹೊತ್ತು ಈ ಹರಿವು ಜಾಸ್ತಿಯಾಗುವುದಲ್ಲ, ಕಡಿಮೆಯಾಗುತ್ತದೆ ಎಂದು ಬರೆಯಿತು. ಜಗಳ ನಡೆಯುತ್ತಲೇ ಇದೆ. "ನಿದ್ದೆ ಮಾಡಿದರೆ ಮಿದುಳು ತೊಳೆದುಹೋಗುತ್ತದೆ" ಎಂದು ಅಲ್ಲಲ್ಲಿ ಖಡಾಖಂಡಿತವಾಗಿ ಬರೆದಿರುವುದನ್ನು ಓದಿದಾಗ ಇಷ್ಟನ್ನು ಮನಸ್ಸಿನಲ್ಲಿಡಿ.

ಇಷ್ಟೆಲ್ಲ ಗೋಜಲಿನ ನಡುವೆ ಅನುಮಾನಕ್ಕೆ ಜಾಗವಿಲ್ಲದ ಒಂದು ಕಾಯಿಲೆ ಇದೆ. ನಾನು ಇದನ್ನು ಬರೆಯಲು ಕೂತದ್ದೇ ಮುಖ್ಯವಾಗಿ ಅದಕ್ಕಾಗಿ. ಅದರ ಹೆಸರು ನ್ಯೂರೋಮೈಲೈಟಿಸ್ ಆಪ್ಟಿಕಾ, ಚಿಕ್ಕದಾಗಿ ಎನ್‌ಎಂಒ. ಕಣ್ಣಿನ ನರಕ್ಕೂ ಬೆನ್ನುಹುರಿಗೂ ಒಟ್ಟೊಟ್ಟಿಗೆ ಅಥವಾ ಒಂದಾದಮೇಲೊಂದು ಹೊಡೆತ ಬೀಳುವುದನ್ನು 1894ರಲ್ಲಿ ಫ್ರಾನ್ಸಿನ ವೈದ್ಯ ಯೂಜೀನ್ ಡೆವಿಕ್ ಮತ್ತು ಅವರ ಶಿಷ್ಯ ಗೋ ಎಂಬವರು ವಿವರಿಸಿದ್ದರು. ಅಲ್ಲಿಂದ ನೂರು ವರ್ಷಕ್ಕೂ ಮೇಲೆ ಬಹಳಷ್ಟು ವೈದ್ಯರು ಇದನ್ನು ನರದ ಮೇಲಿನ ಪೊರೆ ಹಾಳಾಗುವ ಮಲ್ಟಿಪಲ್ ಸ್ಕ್ಲೆರೋಸಿಸ್ ಅಥವಾ ಎಂಎಸ್ ಕಾಯಿಲೆಯ ಒಂದು ಕಟುವಾದ ರೂಪ ಎಂದೇ ತಿಳಿದಿದ್ದರು.

2004ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ವಾಂಡಾ ಲೆನನ್ ಮತ್ತು ಜೊತೆಗಾರರು ಈ ರೋಗಿಗಳ ರಕ್ತದಲ್ಲಿ ಮಾತ್ರ ಸಿಗುವ, ಎಂಎಸ್ ರೋಗಿಗಳಲ್ಲಿ ಸಿಗದ ಒಂದು ಆಂಟಿಬಾಡಿಯನ್ನು ತೋರಿಸಿದರು. ಮರುವರ್ಷ ಆ ಆಂಟಿಬಾಡಿ ಅಂಟಿಕೊಳ್ಳುವುದು ಯಾವುದಕ್ಕೆ ಎಂದೂ ಗೊತ್ತಾಯಿತು: ಅಕ್ವಾಪೊರಿನ್-4. ಅಂದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ನೀರಿನ ಬಾಗಿಲನ್ನು ಶತ್ರು ಅಂದುಕೊಂಡಿದೆ.

ಹಾಳಾಗುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಆಂಟಿಬಾಡಿ ರಕ್ತದಿಂದ ಒಳಗೆ ಬಂದು ಆಸ್ಟ್ರೋಸೈಟ್ ಪಾದದ ಅಕ್ವಾಪೊರಿನ್-4ಕ್ಕೆ ಅಂಟಿಕೊಳ್ಳುತ್ತದೆ. ಮೊದಲು ಹೇಳಿದ ಚೌಕಳಿ ಹಾಸು ಇದೆಯಲ್ಲ, ಅಲ್ಲಿ ಅಣುಗಳು ಒತ್ತೊತ್ತಾಗಿ ಇರುವುದರಿಂದ ಆಂಟಿಬಾಡಿಗಳೂ ಒತ್ತೊತ್ತಾಗಿ ಕೂರುತ್ತವೆ. ರಕ್ತದಲ್ಲಿ ಕಾಂಪ್ಲಿಮೆಂಟ್ ಎಂಬ ಪ್ರೋಟೀನ್‌ಗಳ ಸರಣಿ ಇದೆ, ರೋಗಾಣುಗಳ ಪೊರೆಯಲ್ಲಿ ತೂತು ಕೊರೆಯುವುದು ಅದರ ಕೆಲಸ. ಹತ್ತಿರ ಹತ್ತಿರ ಕೂತ ಆಂಟಿಬಾಡಿ ಕಂಡರೆ ಅದು ಎಚ್ಚರಗೊಳ್ಳುತ್ತದೆ, ಒಂದೊಂದೇ ಪ್ರೋಟೀನ್ ಸೇರಿಕೊಂಡು ಕೊನೆಗೆ ಆಸ್ಟ್ರೋಸೈಟ್‌ನ ಪೊರೆಯಲ್ಲೇ ತೂತು ಬೀಳುತ್ತದೆ. ಆಸ್ಟ್ರೋಸೈಟ್ ಸಾಯುತ್ತದೆ. ಬಿಳಿರಕ್ತಕಣಗಳು ಮುತ್ತಿಕೊಳ್ಳುತ್ತವೆ. ಆಮೇಲೆ ನರದ ಮೇಲಿನ ಮಯಲಿನ್ ಪೊರೆ ಹೋಗುತ್ತದೆ, ಕೊನೆಗೆ ನರವೂ ಹೋಗುತ್ತದೆ. ಎಂಎಸ್‌ನಲ್ಲಿ ಪೆಟ್ಟು ಮುಖ್ಯವಾಗಿ ಮಯಲಿನ್‌ಗೆ ಬೀಳುತ್ತದೆ. ಇಲ್ಲಿ ಮೊದಲು ಸಾಯುವುದು ಆಸ್ಟ್ರೋಸೈಟ್, ಮಯಲಿನ್ ಅದರ ಹಿಂದೆ ಹೋಗುತ್ತದೆ.

ಅಕ್ವಾಪೊರಿನ್-4 ಮೂತ್ರಪಿಂಡ, ಹೊಟ್ಟೆ, ಸ್ನಾಯುಗಳಲ್ಲೂ ಇದೆ. ಅಲ್ಲಿ ಯಾಕೆ ಹೀಗಾಗುವುದಿಲ್ಲ? ಆ ಕೋಶಗಳಲ್ಲಿ ಕಾಂಪ್ಲಿಮೆಂಟ್ ಅನ್ನು ತಡೆಯುವ ಸಿಡಿ59ರಂಥ ಪ್ರೋಟೀನ್‌ಗಳು ಅಕ್ವಾಪೊರಿನ್‌ನ ಪಕ್ಕದಲ್ಲೇ ಇರುವುದು ಒಂದು ಕಾರಣ ಎಂದು ಪ್ರಾಣಿಗಳ ಪ್ರಯೋಗಗಳು ತೋರಿಸಿವೆ.

ಈ ಕಾಯಿಲೆ ಬರುವವರಲ್ಲಿ ಬಹುಪಾಲು ಹೆಂಗಸರು. ಒಂದು ಕಣ್ಣೋ ಎರಡೂ ಕಣ್ಣೋ ದಿನಗಳಲ್ಲೇ ಮಂಜಾಗುತ್ತವೆ, ಕಣ್ಣು ಹೊರಳಿಸಿದರೆ ನೋವು. ಅಥವಾ ಕಾಲುಗಳ ಶಕ್ತಿ ಕುಂದುತ್ತದೆ, ಮೈ ಮರಗಟ್ಟುತ್ತದೆ, ಮೂತ್ರ ಕಟ್ಟಿಕೊಳ್ಳುತ್ತದೆ. ಎಂಆರ್‌ಐ ಮಾಡಿಸಿದರೆ ಬೆನ್ನುಹುರಿಯ ಉರಿಯೂತ ಬೆನ್ನುಮೂಳೆಯ ಮೂರು ಮಣಿಗಳಷ್ಟು ಅಥವಾ ಅದಕ್ಕಿಂತ ಉದ್ದಕ್ಕೆ ಹಬ್ಬಿರುವುದು ಸಾಮಾನ್ಯ. ಮೂರನೆಯ ಲಕ್ಷಣವೊಂದು ಸುಲಭವಾಗಿ ಕೈತಪ್ಪುತ್ತದೆ: ದಿನಗಟ್ಟಲೆ ನಿಲ್ಲದ ಬಿಕ್ಕಳಿಕೆ, ವಾಂತಿ. ಮಿದುಳಿನ ಕೆಳಭಾಗದಲ್ಲಿ ವಾಂತಿಯನ್ನು ನಿಯಂತ್ರಿಸುವ ಒಂದು ಪುಟ್ಟ ಜಾಗವಿದೆ. ಅಲ್ಲಿ ರಕ್ತ-ಮಿದುಳಿನ ನಡುವಿನ ತಡೆಗೋಡೆ ಸಡಿಲ, ಅಕ್ವಾಪೊರಿನ್-4 ಮಾತ್ರ ಹೇರಳ. ಹಾಗಾಗಿ ಆಂಟಿಬಾಡಿಗೆ ಅದು ಸುಲಭಕ್ಕೆ ಸಿಗುತ್ತದೆ. ಪಾಪ, ಇಂಥವರು ಹೊಟ್ಟೆಯ ಡಾಕ್ಟರ ಹತ್ತಿರ ಹೋಗುತ್ತಾರೆ, ಎಂಡೋಸ್ಕೋಪಿ ಆಗುತ್ತದೆ, ಏನೂ ಸಿಗುವುದಿಲ್ಲ. ಬಿಕ್ಕಳಿಕೆ ತಾನಾಗಿ ನಿಂತರೆ ಎಲ್ಲರೂ ಮರೆಯುತ್ತಾರೆ, ಕೆಲವು ವಾರ ಕಳೆದು ಕಾಲು ಬೀಳುತ್ತದೆ.

ಈ ಕಾಯಿಲೆ ಬೇಗ ಪತ್ತೆಯಾಗಬೇಕು, ಅದಕ್ಕೆ ಕಾರಣವಿದೆ. ಎನ್‌ಎಂಒನಲ್ಲಿ ಊನ ಬಹುಮಟ್ಟಿಗೆ ಬರುವುದು ಅಟ್ಯಾಕ್‌ಗಳಿಂದಲೇ. ಒಂದೊಂದು ಅಟ್ಯಾಕ್ ಕೂಡ ಕಣ್ಣನ್ನೋ ಕಾಲನ್ನೋ ಶಾಶ್ವತವಾಗಿ ಕಿತ್ತುಕೊಳ್ಳಬಹುದು, ಅಟ್ಯಾಕ್ ಆಗದ ಹಾಗೆ ನೋಡಿಕೊಂಡರೆ ವರ್ಷಗಟ್ಟಲೆ ಸ್ಥಿತಿ ಹಾಗೇ ಉಳಿಯಬಹುದು. ಇನ್ನೊಂದು ಅಪಾಯ: ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್ ಬೀಟಾ, ಫಿಂಗೊಲಿಮೋಡ್, ನಟಾಲಿಜುಮಾಬ್ ಈ ಕಾಯಿಲೆಯನ್ನು ಉಲ್ಬಣಗೊಳಿಸಬಹುದು. ಎರಡನ್ನೂ ಒಂದೇ ಎಂದುಕೊಂಡು ಔಷಧಿ ಕೊಟ್ಟರೆ ರೋಗಿಗೆ ಹಾನಿಯೇ ಆಗುತ್ತದೆ.

ಅಟ್ಯಾಕ್ ಆದಾಗ ರಕ್ತನಾಳದ ಮೂಲಕ ಹೆಚ್ಚಿನ ಪ್ರಮಾಣದಲ್ಲಿ ಸ್ಟೀರಾಯ್ಡ್ ಕೊಡುತ್ತಾರೆ. ಸಾಲದಿದ್ದರೆ ಪ್ಲಾಸ್ಮಾ ಬದಲಿಸುತ್ತಾರೆ, ಅಂದರೆ ಆಂಟಿಬಾಡಿ ಇರುವ ರಕ್ತದ ದ್ರವವನ್ನೇ ತೆಗೆದುಬಿಡುವುದು. ಇದನ್ನು ತಡಮಾಡದೆ ಶುರುಮಾಡಿದಷ್ಟೂ ಒಳ್ಳೆಯದು. ಮತ್ತೆ ಬರದಂತೆ ತಡೆಯಲು ಅಜಥಯೊಪ್ರಿನ್, ಮೈಕೊಫಿನೊಲೇಟ್, ರಿಟುಕ್ಸಿಮಾಬ್ ಬಹಳ ವರ್ಷದಿಂದ ಬಳಕೆಯಲ್ಲಿವೆ. 2019ರಿಂದೀಚೆಗೆ ಈ ಕಾಯಿಲೆಗೆಂದೇ ಪರೀಕ್ಷಿಸಿ ಅನುಮತಿ ಪಡೆದ ಔಷಧಿಗಳು ಬಂದಿವೆ. ಎಕುಲಿಜುಮಾಬ್ ಮೇಲೆ ಹೇಳಿದ ಕಾಂಪ್ಲಿಮೆಂಟ್ ಸರಣಿಯನ್ನು ಸಿ5 ಎಂಬ ಹಂತದಲ್ಲಿ ತಡೆಯುತ್ತದೆ, ತೂತು ಕೊರೆಯುವ ಕೊನೆಯ ಕೆಲಸ ನಡೆಯುವುದೇ ಇಲ್ಲ. ಅದರ ಪರೀಕ್ಷೆಯಲ್ಲಿ ಔಷಧಿ ಪಡೆದ 96 ಜನರಲ್ಲಿ 3 ಜನರಿಗೆ ಅಟ್ಯಾಕ್ ಮರುಕಳಿಸಿತು, ಪ್ಲಸೀಬೊ, ಅಂದರೆ ಔಷಧಿಯಂತೆ ಕಾಣುವ ಹುಸಿ ಮದ್ದು, ಪಡೆದ 47 ಜನರಲ್ಲಿ 20 ಜನರಿಗೆ. ನರರೋಗಗಳಲ್ಲಿ ಇಂಥ ಅಂತರ ಕಾಣುವುದು ಅಪರೂಪ. ಕಾಂಪ್ಲಿಮೆಂಟ್ ತಡೆದರೆ ಮೆನಿಂಜೈಟಿಸ್ ತರುವ ಮೆನಿಂಗೊಕಾಕಸ್ ಬ್ಯಾಕ್ಟೀರಿಯಾದ ವಿರುದ್ಧ ದೇಹ ದುರ್ಬಲವಾಗುತ್ತದೆ, ಹಾಗಾಗಿ ಮೊದಲೇ ಲಸಿಕೆ ಹಾಕಿಸಿಕೊಳ್ಳಲೇಬೇಕು. 2020ರಲ್ಲಿ ಬಂದ ಇನೆಬಿಲಿಜುಮಾಬ್ ಆಂಟಿಬಾಡಿ ತಯಾರಿಸುವ ಬಿ ಕೋಶಗಳ ಸಾಲನ್ನೇ ಕಡಿಮೆ ಮಾಡುತ್ತದೆ, ಅದೇ ವರ್ಷದ ಸಟ್ರಾಲಿಜುಮಾಬ್ ಆ ಕೋಶಗಳನ್ನು ಹುರಿದುಂಬಿಸುವ ಐಎಲ್-6 ಸಂಕೇತವನ್ನು ತಡೆಯುತ್ತದೆ. ಇವು ತುಂಬಾ ದುಬಾರಿ, ಎಲ್ಲರ ಕೈಗೂ ಎಟುಕುವುದಿಲ್ಲ. ಹಳೇ ಔಷಧಿಗಳೂ ಅಟ್ಯಾಕ್‌ಗಳನ್ನು ಗಣನೀಯವಾಗಿ ಕಡಿಮೆ ಮಾಡುತ್ತವೆ, ಅವನ್ನು ನಡುವೆ ನಿಲ್ಲಿಸದೆ ತೆಗೆದುಕೊಳ್ಳಬೇಕು.

ನಿಮಗೋ ನಿಮ್ಮವರಿಗೋ ಇಂಥ ಲಕ್ಷಣ ಇದ್ದರೆ ನರರೋಗ ತಜ್ಞರನ್ನು ಕೇಳಬೇಕಾದ ಪರೀಕ್ಷೆ ಅಕ್ವಾಪೊರಿನ್-4 ಆಂಟಿಬಾಡಿ ಟೆಸ್ಟ್. ರಕ್ತ ಕೊಟ್ಟರೆ ಸಾಕು, ಬೆನ್ನಿನಿಂದ ನೀರು ತೆಗೆಯಬೇಕಿಲ್ಲ. ಜೀವಂತ ಅಥವಾ ಸ್ಥಿರೀಕರಿಸಿದ ಕೋಶಗಳ ಮೇಲೆ ಮಾಡುವ ಸೆಲ್-ಬೇಸ್ಡ್ ವಿಧಾನವೇ ಆಗಲಿ ಎಂದು ಕೇಳಿ, ಹಳೇ ಎಲೈಸಾ ವಿಧಾನದಲ್ಲಿ ತಪ್ಪು ಪಾಸಿಟಿವ್ ಬರುವುದುಂಟು. ಸಾಧ್ಯವಾದರೆ ಪ್ಲಾಸ್ಮಾ ಬದಲಿಸುವ ಮುಂಚೆಯೇ ರಕ್ತ ತೆಗೆಸಿ, ಆಮೇಲೆ ತೆಗೆದರೆ ಆಂಟಿಬಾಡಿ ಕಡಿಮೆಯಾಗಿ ನೆಗೆಟಿವ್ ಬರಬಹುದು. ಚಿಕಿತ್ಸೆಯನ್ನು ಮಾತ್ರ ರಿಪೋರ್ಟ್‌ಗಾಗಿ ಕಾಯಿಸಬೇಡಿ. ನೆಗೆಟಿವ್ ಬಂದರೂ ಲಕ್ಷಣಗಳು ಹೊಂದುತ್ತಿದ್ದರೆ ಎಂಒಜಿ ಎಂಬ ಮಯಲಿನ್ ಪ್ರೋಟೀನಿನ ವಿರುದ್ಧದ ಆಂಟಿಬಾಡಿಯನ್ನೂ ನೋಡಿಸಿ. ಅದು ಬೇರೆಯದೇ ಕಾಯಿಲೆ, ಅದರ ದಾರಿಯೂ ಚಿಕಿತ್ಸೆಯೂ ಸ್ವಲ್ಪ ಬೇರೆ.